ಮೊದಲ ಕರೆ

ಎರಡನೇ ಮಹಾಯುದ್ಧ ಮುಗಿದ ಮಾರನೆಯ ವರ್ಷ ಬೆಂಗಳೂರಿನಲ್ಲಿ ಮಿಲಿಟರಿಯವರು ಬೇಡವಾದ ಜೀಪುಗಳನ್ನು ಹರಾಜು ಹಾಕಿದಾಗ ತೂಬಗೆರೆಯ ಪಟೇಲ ಗೋಪಾಲಪ್ಪ ಒಂದನ್ನು ತಂದ. ಅವನು ತಂದನೆಂದು ದಾಯಾದಿ ಆವಲಪ್ಪನೂ ಒಂದನ್ನು ತಂದ. ಇವರಿಬ್ಬರೂ ತಂದರೆಂದು ದೊಡ್ಡಬಳ್ಳಾಪುರದ ಸೀರೆ ಸಾಹುಕಾರ ವೆಂಕಟರಮಣಪ್ಪ ಇನ್ನೊಂದನ್ನು ತಂದ. ಮೂವರೂ ಸೇರಿ ಜೀಪ್ ಕ್ಲಬ್ ಅಂತ ಕಟ್ಟಿಕೊಂಡರು. ಕ್ಲಬ್ಬಿಗೆ ಇದ್ದ ಕೆಲಸ ಇಷ್ಟೇ: ರಸ್ತೆ ಇಲ್ಲದ ಕಡೆ ಜೀಪು ನುಗ್ಗಿಸುವುದು, ಕಡಲೇಕಾಯಿ ಹೊಲಕ್ಕೆ ಬೀಳುವ ಕಾಡುಹಂದಿ ಹೊಡೆಯುವುದು, ಸಂಜೆ ಗೋಪಾಲಪ್ಪನ ಜಗುಲಿಯಲ್ಲಿ ಕೂತು ಒಬ್ಬರನ್ನೊಬ್ಬರು ಆಡಿಕೊಳ್ಳುವುದು.

ಜೀಪುಗಳ ಜೊತೆ ವೈರ್‌ಲೆಸ್ ಪೆಟ್ಟಿಗೆಗಳೂ ಬಂದಿದ್ದವು. ಮೈಕಿನ ಸ್ವಿಚ್ಚು ಒತ್ತಿದರೆ ಮಾತು ಹೋಗುತ್ತದೆ, ಬಿಟ್ಟರೆ ಬರುತ್ತದೆ. ಮೂರಕ್ಕೂ ಒಂದೇ ಚಾನಲ್. ಒಬ್ಬ ಸ್ವಿಚ್ಚು ಒತ್ತಿ ಹಿಡಿದನೆಂದರೆ ಮಿಕ್ಕಿಬ್ಬರ ಬಾಯಿ ಕಟ್ಟಿದ ಹಾಗೆ. ನಡುವೆ ಗುಡ್ಡ ಅಡ್ಡ ಬಂದರೆ ಪೆಟ್ಟಿಗೆಗೆ ಪೂರ್ತಿ ಕಿವುಡು.

ಇದಕ್ಕೆ ಸರ್ಕಾರದ ಲೈಸೆನ್ಸು ಬೇಕಿತ್ತು. ಒಂದು ಕ್ಲಬ್ಬಿಗೆ ಒಂದೇ ಲೈಸೆನ್ಸು, ಅದೂ ಒಬ್ಬನ ಹೆಸರಿಗೆ. ಗೋಪಾಲಪ್ಪ ಬೆಂಗಳೂರಿಗೆ ನಾಲ್ಕಾರು ಸಲ ಓಡಾಡಿ ತನ್ನ ಹೆಸರಿಗೇ ಮಾಡಿಸಿಕೊಂಡು ಬಂದ. ಅದಕ್ಕೆ ಕಟ್ಟು ಹಾಕಿಸಿ, ಜಗುಲಿಯ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ನೇತುಹಾಕಿದ. ಲೈಸೆನ್ಸಿನ ಪ್ರಕಾರ ಅವನದು ಯಜಮಾನ ಪೆಟ್ಟಿಗೆ. ಅವನು ಹೆಸರು ಹಿಡಿದು ಕರೆಯಬೇಕು, ಕರೆಸಿಕೊಂಡವನು ಉತ್ತರ ಕೊಡಬೇಕು. ಕರೆಯದೆ ಯಾರೂ ಬಾಯಿ ಬಿಡುವಂತಿಲ್ಲ.

ಆವಲಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿ.

ಯಾಕೆಂದರೆ ತೂಬಗೆರೆ ಸೀಮೆಯಲ್ಲಿ ಹೆಸರು ಕೂಗುವುದೆಂದರೆ ಆಟದ ಮಾತಲ್ಲ. ಮದುವೆ ಚಪ್ಪರದಲ್ಲಿ ವೀಳ್ಯ ಕೊಡುವಾಗ ಹಿರಿಯನೊಬ್ಬ ಎದ್ದು ನಿಂತು ಯಾವ ಮನೆಯ ಹೆಸರು ಮೊದಲು ಕೂಗುತ್ತಾನೋ ಆ ಮನೆ ದೊಡ್ಡದು. ಆವಲಪ್ಪನ ಅಪ್ಪ ಪಿಳ್ಳಪ್ಪ ಇರುವ ತನಕ ಮೊದಲ ವೀಳ್ಯ ಅವರ ಮನೆಗೇ ಬರುತ್ತಿತ್ತು. ಪಿಳ್ಳಪ್ಪ ಸತ್ತ ಮೇಲೆ ಬಂದ ಮೊದಲನೇ ಮದುವೆಯಲ್ಲೇ ಪಟೇಲ ಗೋಪಾಲಪ್ಪ ಕೂಗುವವನ ಕಿವಿ ಕಚ್ಚಿ ವೀಳ್ಯವನ್ನು ತನ್ನ ಮನೆಗೆ ತಿರುಗಿಸಿಕೊಂಡ. ಚಪ್ಪರದ ತುಂಬ ಜನ ನೋಡಿದರು. ಆವಲಪ್ಪ ಅವತ್ತು ಉಣ್ಣದೆ ಎದ್ದು ಬಂದಿದ್ದ. ಈಗ ವೈರ್‌ಲೆಸ್ಸಿನಲ್ಲೂ ಗೋಪಾಲಪ್ಪ ದಿನಾ ಮೊದಲು ಕರೆಯುತ್ತಿದ್ದದ್ದು ವೆಂಕಟರಮಣಪ್ಪನನ್ನು. ಆಮೇಲೆ, ನೆನಪಾದರೆ, ಆವಲಪ್ಪನನ್ನು.

ಒಂದು ಸಂಜೆ ಜಗುಲಿಯಲ್ಲಿ ಆವಲಪ್ಪ ಕೇಳಿಯೇಬಿಟ್ಟ.

"ಗೋಪಾಲಣ್ಣ, ನಾನು ನಿಂಗೆ ರಕ್ತ ಹಂಚ್ಕೊಂಡೋನು. ನನ್ನ ಮೊದ್ಲು ಕರೀಬೇಕೋ ಬೇಡ್ವೋ?"

ಗೋಪಾಲಪ್ಪ ಅಡಿಕೆ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಸಾವ್ಕಾರ್ರೇ, ನೋಡಿ ಇವನ್ನ. ಹಂದಿ ಹೊಡ್ಯಾಕೆ ಬರ್ತಾನೋ ಹೆಣ್ಣು ನೋಡಾಕೆ ಬರ್ತಾನೋ? ಮರ್ಯಾದೆ ಬೇಕಂತೆ."

"ಕೊಡಿ ಪಟೇಲ್ರೇ," ಎಂದ ವೆಂಕಟರಮಣಪ್ಪ ನಗುತ್ತ. "ಒಂದು ಸೀರೆ ನಾನೇ ಕೊಡ್ತೀನಿ. ಉಡ್ಸಿ, ಕುಂಕುಮ ಇಟ್ಟು ಕರೀರಿ."

"ನೇಯೋರ ಮನೇಲಿ ಹುಟ್ಟಿ ನನ್ ಮುಂದೆ ಸೀರೆ ಮಾತಾಡ್ತೀರಾ?" ಎಂದ ಆವಲಪ್ಪ.

"ನಾನು ಸೀರೆ ಮಾರಿ ಜೀಪ್ ತಗೊಂಡೆ. ನೀನು ಹೆಂಡ್ತಿ ಡಾಬು ಮಾರಿ ತಗೊಂಡೆ. ಯಾರ್ದು ದೊಡ್ಡದಪ್ಪಾ?"

ಗೋಪಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗಿನಿಂದ ಅವನ ಹೆಂಡತಿ ಮುನಿವೆಂಕಟಮ್ಮನೂ ನಕ್ಕದ್ದು ಕೇಳಿಸಿತು. ಆವಲಪ್ಪನ ಹೆಂಡತಿಯ ಸೊಂಟದ ಡಾಬು ಮಾಯವಾದದ್ದು ಊರಿಗೆಲ್ಲ ಗೊತ್ತಿದೆಯೆಂದು ಅವನಿಗೆ ತಿಳಿದದ್ದೇ ಆಗ. ಮನೆಗೆ ಹೋದವನು ಯಾರ ಬಾಯಿ ಬಡಿಯಬೇಕೆಂದು ಯೋಚಿಸಲಿಲ್ಲ, ಹೆಂಡತಿ ಲಕ್ಷ್ಮೀದೇವಮ್ಮನ ಬಾಯಿಯನ್ನೇ ಬಡಿದ.

ಮುಂದಿನ ಸಲ ಕ್ಲಬ್ಬು ಶಿವಗಂಗೆ ಕಡೆ ಹೊರಟಾಗ ಆವಲಪ್ಪನ ಜೀಪು ಒಂದು ಕೆರೆಯ ಅಂಗಳದಲ್ಲಿ ಹೂತುಕೊಂಡಿತು. ಇಳಿದು ತಳ್ಳಲು ಹೋದವನು ಸೊಂಟದ ಮಟ್ಟ ಕೆಸರಿಗೆ ಇಳಿದ. ಹೇಗೋ ಕೈಚಾಚಿ ಮೈಕು ಎಳೆದುಕೊಂಡು ಕೂಗಿದ. "ಗೋಪಾಲಣ್ಣ, ಹೂತ್ಕೊಂಡ್ಬಿಟ್ಟೆ. ಹಗ್ಗ ತಗೊಂಡು ಬನ್ನಿ."

ಸ್ವಲ್ಪ ಹೊತ್ತು ಬಿಟ್ಟು ಪೆಟ್ಟಿಗೆಯಲ್ಲಿ ಗೋಪಾಲಪ್ಪನ ದನಿ ಬಂತು, ಆದರೆ ಅವನ ಜೊತೆ ಮಾತಾಡಲು ಅಲ್ಲ. "ಸಾವ್ಕಾರ್ರೇ, ಯಾರೋ ಕರೀದೇನೇ ಮಾತಾಡ್ತಾ ಅವ್ರೆ. ಹಂಗೆ ಮಾತಾಡ್ಬಾರ್ದು ಅಂತ ಲೈಸೆನ್ಸಲ್ಲಿ ಬರ್ದೈತೆ. ಉತ್ತರ ಕೊಟ್ರೆ ನಮಗೂ ತಪ್ಪು."

"ಎಮ್ಮೆ ಇರ್ಬೇಕು ಬಿಡಿ ಪಟೇಲ್ರೇ. ಕೆಸ್ರಲ್ಲಿ ಅದಕ್ಕೇನು ಕಷ್ಟ?"

ಇಬ್ಬರೂ ಮಧ್ಯಾಹ್ನವೆಲ್ಲ ಎಮ್ಮೆಯ ಮಾತೇ ಆಡಿದರು. ಪೆಟ್ಟಿಗೆ ಅದನ್ನೆಲ್ಲ ತಂದು ಆವಲಪ್ಪನ ಕಿವಿಗೆ ಸುರಿಯಿತು. ಹೊತ್ತು ಇಳಿದ ಮೇಲೆ ದನ ಕಾಯುವವರು ಬಂದು ಅವನನ್ನು ಎಳೆದು ಹಾಕಿದರು. ಅಷ್ಟಾದರೂ ಅವನು ಕ್ಲಬ್ಬು ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ನಾಲ್ಕು ಜನರ ಕಿವಿಗೆ ಬೀಳುವಂತೆ ಗೋಪಾಲಪ್ಪ ಒಂದೇ ಒಂದು ಸಲ ತನ್ನನ್ನು ಮೊದಲು ಕರೆಯಬೇಕು. ತಿಂದ ಮುದ್ದೆ ಇಳಿಯುತ್ತಿದ್ದದ್ದು ಅದೊಂದೇ ಆಸೆಯ ಮೇಲೆ.

ಸುಗ್ಗಿ ಮುಗಿದು ಮಾಕಳಿ ಗುಡ್ಡದ ಬುಡದಲ್ಲಿ ತಮಟೆ ಬಡಿದು ಹಂದಿ ಎಬ್ಬಿಸಿ ಸೋವುವ ದಿನ ಬಂತು. ವೆಂಕಟರಮಣಪ್ಪ ತಮಟೆಯವರ ಜೊತೆ ಗುಡ್ಡದ ಆಚೆ ಮಗ್ಗುಲಿಗೆ ಹೋದ. ಊರಿನ ಆಳುಗಳೆಲ್ಲ ಅವನ ಹಿಂದೆ ಹೋದರು. ಈಚೆ ಕಡೆ ಆವಲಪ್ಪ ಹುಣಿಸೇ ಮರದ ಕೆಳಗೆ, ಗೋಪಾಲಪ್ಪ ಹಳೆಯ ಕಲ್ಲುಗಣಿಯ ಹತ್ತಿರ, ಒಬ್ಬೊಬ್ಬರೇ ಕಾದು ಕೂತರು. ಇಬ್ಬರ ನಡುವೆ ಬರೀ ಕೂಗಳತೆ ದೂರ, ಕಣ್ಣಿಗೆ ಮಾತ್ರ ಲಂಟಾನದ ಪೊದೆ ಅಡ್ಡ.

ಹಂದಿ ನುಗ್ಗಿದ ಸದ್ದಾಯಿತು. ಗೋಪಾಲಪ್ಪನ ಜೀಪು ಹೊರಟ ಸದ್ದಾಯಿತು. ಆಮೇಲೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದು.

ಆವಲಪ್ಪ ಎದ್ದು ನಿಂತ. ಪೆಟ್ಟಿಗೆ ಕರಕರ ಎಂದಿತು.

"ಸಾವ್ಕಾರ್ರೇ... ವೆಂಕಟರಮಣಪ್ಪನೋರೇ... ಗಣಿಯೊಳಕ್ಕೆ ಬಿದ್ಬಿಟ್ಟೆ. ಜೀಪು ಮೈಮೇಲೈತೆ. ಬನ್ನಿ."

ವೆಂಕಟರಮಣಪ್ಪನ ಪೆಟ್ಟಿಗೆ ಗುಡ್ಡದ ಆಚೆ ಇತ್ತು. ಉತ್ತರವಿಲ್ಲ. ಗೋಪಾಲಪ್ಪ ಮತ್ತೆ ಕರೆದ, ಮತ್ತೆ ಅದೇ ಹೆಸರು. ಆವಲಪ್ಪ ನಿಧಾನವಾಗಿ ಸೀಟಿನ ಮೇಲೆ ಕೂತ. ಕೇಳಿಸುವುದು ತನಗೊಬ್ಬನಿಗೇ ಎಂದು ಗೋಪಾಲಪ್ಪನಿಗೂ ಗೊತ್ತು, ತನಗೂ ಗೊತ್ತು. ಬಾಯಲ್ಲಿ ಕೂಗಲು ಅವನಿಗೆ ಉಸಿರು ಸಾಲದು. ಮೈಕಿನಲ್ಲಿ ಪಿಸುಗುಟ್ಟಬಲ್ಲ ಅಷ್ಟೇ. ಕರೆಯಲಿ. ತಾನು ಕರೆಯದೆ ಮಾತಾಡುವವನಲ್ಲ.

ಬಹಳ ಹೊತ್ತಿನ ಮೇಲೆ ಬಂತು. "ಆವಲಪ್ಪ."

"ಕೇಳ್ತಾ ಐತೆ ಗೋಪಾಲಣ್ಣ."

"ಬಾರೋ... ಸ್ಟೇರಿಂಗು ಎದೆ ಮೇಲೆ ಕೂತೈತೆ."

"ಈ ಕರೆ ಸರೀಗಿಲ್ಲ. ಮೊದ್ಲು ಸಾವ್ಕಾರ್ರನ್ನ ಕರ್ದೆ. ಮೊದ್ಲಿಂದ ಶುರು ಮಾಡು. ನನ್ ಹೆಸ್ರು ಮೊದ್ಲು, ಅಪ್ಪನ್ ಹೆಸ್ರು ಸಮೇತ."

"ಲೇ, ಸಾಯ್ತಾ ಇದೀನಿ ಕಣೋ."

"ನಾನೂ ಕೆಸ್ರಲ್ಲಿದ್ದೆ. ಲೈಸೆನ್ಸಲ್ಲಿ ಬರ್ದೈತೆ ಅಂದಿದ್ದೋನು ನೀನೇ ಅಲ್ವಾ?"

ಪೆಟ್ಟಿಗೆಯಲ್ಲಿ ಉಸಿರು ಎಳೆಯುವ ಸದ್ದು ಮಾತ್ರ ಬಂತು. ಬಿಟ್ಟಿತು. ಮತ್ತೆ ಬಂತು.

"ದೊಡ್ಡಮನೆ ಪಿಳ್ಳಪ್ಪನೋರ ಮಗ... ಆವಲಪ್ಪನೋರೇ. ಬನ್ನಿ."

ಚಪ್ಪರದಲ್ಲಿ ಅಪ್ಪ ಎದ್ದು ವೀಳ್ಯಕ್ಕೆ ಕೈಚಾಚುತ್ತಿದ್ದ ರೀತಿ ಆವಲಪ್ಪನ ಕಣ್ಣಿಗೆ ಕಟ್ಟಿತು. ಜೀಪು ಚಾಲೂ ಮಾಡಿ ಹೊರಡಬೇಕು ಅಂತಲೇ ಕೈ ಹಾಕಿದ. ಆದರೆ ಸುತ್ತ ನೋಡಿದ. ಹುಣಿಸೇ ಮರದ ಮೇಲೆ ಎರಡು ಕಾಗೆ ಕೂತಿದ್ದವು, ಅಷ್ಟೇ. ನಾಳೆ ಇವನು ಎದ್ದು ಕೂತು, ನಾನು ಎಲ್ಲಿ ಕರೆದೆ ಅಂದರೆ ಮುಗಿಯಿತು. ಯಾರೂ ಕೇಳದ ಕರೆ ಇದ್ದರೇನು, ಬಿಟ್ಟರೇನು? ಗುಡ್ಡದ ತಿರುವಿನಿಂದ ತಮಟೆ ಸದ್ದು ತೆಳ್ಳಗೆ ಬರುತ್ತಿತ್ತು.

"ಗೋಪಾಲಣ್ಣ, ಸಾವ್ಕಾರ್ರು ಗುಡ್ಡ ಸುತ್ಕೊಂಡು ಬರ್ತಾ ಅವ್ರೆ. ಅವ್ರು ಕಾಣಿಸ್ದಾಗ ಹಾರ್ನು ಹೊಡೀತೀನಿ. ಆವಾಗ ಹಿಂಗೇ ಕರಿ, ಅವ್ರಿಗೂ ಕೇಳ್ಲಿ. ಬಂದ್ಬಿಡ್ತೀನಿ."

"ನೀರು..." ಎಂದ ಗೋಪಾಲಪ್ಪ.

"ತರ್ತೀನಿ. ಮೊದ್ಲು ಕರಿ."

ತಮಟೆ ಹತ್ತಿರವಾಯಿತು. ಆವಲಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ, ಅಗಿದ, ಉಗಿದ. ಕೊನೆಗೆ ಗುಡ್ಡದ ತಿರುವಿನಲ್ಲಿ ವೆಂಕಟರಮಣಪ್ಪನ ಜೀಪಿನ ಮೂತಿ ಕಂಡಿತು. ಹಿಂದೆ ಆಳುಗಳ ದಂಡು. ಆವಲಪ್ಪ ಜೋರಾಗಿ ಹಾರ್ನು ಹೊಡೆದು, ಮೈಕು ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತ.

ಪೆಟ್ಟಿಗೆ ಕರಕರ ಎಂದಿತು. ಗೋಪಾಲಪ್ಪ ಉಳಿದ ಉಸಿರನ್ನೆಲ್ಲ ಒಂದು ಕಡೆ ಕೂಡಿಸಿಟ್ಟುಕೊಂಡಿದ್ದನೋ ಏನೋ, ದನಿ ಎಂದಿಗಿಂತ ಸ್ಪಷ್ಟವಾಗಿತ್ತು.

"ವೆಂಕಟರಮಣಪ್ಪನೋರೇ. ಗಣಿ ಹತ್ರ ಬನ್ನಿ."

ಆಮೇಲೆ ಸಣ್ಣಗೆ ನಕ್ಕ ಹಾಗೆ ಕೇಳಿಸಿತು. ಮೈಕಿನ ಸ್ವಿಚ್ಚು ಬಿಡಲಿಲ್ಲ. ಬರೀ ಗುಂಯ್ ಎನ್ನುವ ಸದ್ದು.

ಆವಲಪ್ಪ ತನ್ನ ಸ್ವಿಚ್ಚು ಒತ್ತಿ ಬೈದ, ಬೇಡಿದ, ನನ್ನ ಹೆಸರು ಹೇಳೋ ಎಂದು ಅರಚಿದ. ಯಾವುದೂ ಯಾರಿಗೂ ಹೋಗಲಿಲ್ಲ. ಚಾನಲ್ಲು ಗೋಪಾಲಪ್ಪನ ಕೈಯಲ್ಲಿತ್ತು. ಎಲ್ಲರೂ ಗಣಿಗೆ ಇಳಿದು ಜೀಪು ಎತ್ತಿದಾಗ ಹೆಣದ ಮುಷ್ಟಿಯಲ್ಲಿ ಮೈಕು ಸಿಕ್ಕಿಕೊಂಡಿತ್ತು, ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ಬಿಡಿಸಲು ಇಬ್ಬರು ಬೇಕಾಯಿತು.

ಮಾರನೆಯ ದಿನ ಪೊಲೀಸ್ ಅಮೀನ ಬಂದು ಜಗುಲಿಯ ಮೇಲೆ, ಲೈಸೆನ್ಸಿನ ಪಟದ ಕೆಳಗೇ ಕೂತು ವಿಚಾರಣೆ ಮಾಡಿದ. ಅಂಗಳದ ತುಂಬ ಜನ. ಮದುವೆ ಚಪ್ಪರದಲ್ಲಿ ಸೇರುತ್ತಿದ್ದವರೇ ಎಲ್ಲರೂ. ಬಾಗಿಲ ಹಿಂದೆ ಮುನಿವೆಂಕಟಮ್ಮ ಕೂತಿದ್ದಳು.

"ನಿಮ್ ಜೀಪು ಇದ್ದಿದ್ದು ಕೂಗಳತೇಲಿ," ಎಂದ ಅಮೀನ ಆವಲಪ್ಪನಿಗೆ. "ಪೆಟ್ಟಿಗೆ ಸರಿಯಾಗಿತ್ತಾ?"

"ಸರಿಯಾಗಿತ್ತು ಸ್ವಾಮಿ."

"ಹಂಗಾದ್ರೆ ಸಾವ್ಕಾರ್ರು ಬರೋಗಂಟ ಯಾಕೆ ಹೋಗ್ಲಿಲ್ಲ? ನಿಮ್ಮನ್ನ ಕರೆದ್ರಾ?"

ಆವಲಪ್ಪ ಬಾಯಿ ತೆರೆದ. ಕರೆದ, ಅಪ್ಪನ ಹೆಸರು ಹಿಡಿದು ಮೊದಲು ನನ್ನನ್ನೇ ಕರೆದ ಎನ್ನುವ ಮಾತು ನಾಲಗೆ ತುದಿಗೆ ಬಂತು. ಅಮೀನನ ಹಿಂದೆ ನಿಂತ ಪೇದೆಯ ಸೊಂಟದಲ್ಲಿ ಬೇಡಿ ನೇತಾಡುತ್ತಿತ್ತು.

ಬಾಗಿಲ ಹಿಂದಿನಿಂದ ಮುನಿವೆಂಕಟಮ್ಮನ ದನಿ ಬಂತು. "ಒಂದ್ಸಲನಾದ್ರೂ ಕರ್ದಿರ್ತಾರೆ. ನೆಪ್ಪು ಮಾಡ್ಕೊಳಪ್ಪಾ."

"ಎಲ್ಲಿ ಕರೀತಾರಮ್ಮಾ?" ಎಂದ ವೆಂಕಟರಮಣಪ್ಪ. "ಸಾಯೋ ಹೊತ್ತಲ್ಲೂ ನನ್ ಹೆಸ್ರೇ ಹಿಡಿದ್ರು. ಇವನ್ನ ಯಾವತ್ತು ಮೊದ್ಲು ಕರ್ದವ್ರೆ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

"ಇಲ್ಲ," ಎಂದ ಆವಲಪ್ಪ. "ನನ್ನ ಕರೀಲಿಲ್ಲ."

ಅಮೀನ ಕಿವಿಯ ಹಿಂದೆ ಕೈ ಇಟ್ಟ. "ಎದ್ ನಿಂತು ಜೋರಾಗಿ ಹೇಳಿ. ಸಾಕ್ಷಿಗೆ ಕೂತಿರೋ ಪಂಚರಿಗೆಲ್ಲ ಕೇಳ್ಬೇಕು."

ಆವಲಪ್ಪ ಎದ್ದು ನಿಂತ. ಊರಿಗೆ ಊರೇ ಬಾಯಿ ಮುಚ್ಚಿಕೊಂಡು ಅವನ ಕಡೆ ನೋಡಿತು. ಅವನು ಗಂಟಲು ಸರಿ ಮಾಡಿಕೊಂಡು, ಕೊನೆಯ ಸಾಲಿನವರಿಗೂ ಕೇಳುವಂತೆ ಕೂಗಿ ಹೇಳಿದ.

"ಪಿಳ್ಳಪ್ಪನ ಮಗ ಆವಲಪ್ಪನ್ನ ಯಾರೂ ಕರೀಲಿಲ್ಲ."