ಬೆನ್ನಿಗಂಟಿದ ಚೀಟಿ

ನಾನು ಒಂದು ಕ್ಯಾಲ್ಕುಲೇಟರ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಿದ್ದು ಮಾತ್ರ ಮಂಗಳೂರಿನ ಹಂಪನಕಟ್ಟೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ. ಅಲ್ಲಿಂದ ಒಂದು ಪಿಯು ಕಾಲೇಜಿನ ಕಚೇರಿಗೆ ಬಂದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸ್ವಲ್ಪ ಜಂಬ. ಲೆಕ್ಕದಲ್ಲಿ ನಾನು ಒಮ್ಮೆಯೂ ತಪ್ಪಿದ್ದಿಲ್ಲ.

ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ನನಗೆ ಉಸಿರಾಡಲೂ ಪುರುಸೊತ್ತಿಲ್ಲ. ಒಬ್ಬರ ಅಂಕ ಆರುನೂರ ಇಪ್ಪತ್ತೈದಕ್ಕೆ, ಇನ್ನೊಬ್ಬರದ್ದು ಐನೂರಕ್ಕೆ, ಮತ್ತೊಬ್ಬರಿಗೆ ಹತ್ತಕ್ಕೆ ಇಷ್ಟು ಎಂಬ ಪಾಯಿಂಟು. ಗಡಿಯಾಚೆಯ ಕಾಸರಗೋಡಿನಿಂದ ಬರುವ ಕನ್ನಡ ಮಕ್ಕಳ ಪಟ್ಟಿಯಲ್ಲಂತೂ ಅಂಕವೇ ಇಲ್ಲ, ಬರೀ ಗ್ರೇಡು. ಎಲ್ಲವನ್ನೂ ಶೇಕಡಾ ಲೆಕ್ಕಕ್ಕೆ ತರಬೇಕು. ಅದಕ್ಕೆಂದೇ ಗುಮಾಸ್ತ ವಾಸುದೇವ ರಾಯರು ನನ್ನ ಬೆನ್ನಿಗೊಂದು ಚೀಟಿ ಅಂಟಿಸಿದ್ದರು: ಎ ಪ್ಲಸ್‌ಗೆ 90, ಎ ಗ್ರೇಡಿಗೆ 80, ಹೀಗೆ. ಪ್ರತಿ ಗ್ರೇಡಿನ ತೀರಾ ಕೆಳಗಿನ ಅಂಕ ಹಿಡಿದರೆ ಯಾರದ್ದೂ ತಕರಾರಿರುವುದಿಲ್ಲ ಎಂಬುದು ರಾಯರ ನಂಬಿಕೆ. ಅವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಬಂದ ಲಿಗೋರಿ ಡಿಸೋಜರೂ ಆರು ವರ್ಷ ಆ ಚೀಟಿಯನ್ನೇ ನಂಬಿದರು.

ಆಮೇಲೆ ಸುಪ್ರೀತಾ ಬಂದಳು. ಕಾಸರಗೋಡಿನ ಕಡೆಯ ಮುಳ್ಳೇರಿಯದ ಹುಡುಗಿ. ಜೊತೆಗೆ ಅಪ್ಪ ಐತಪ್ಪ, ಕೆಂಪುಕಲ್ಲು ಕಡಿಯುವವರು. ಅವಳಿಗೆ ದನದ ಡಾಕ್ಟರ್ ಆಗುವ ಆಸೆ, ಹಾಗಾಗಿ ವಿಜ್ಞಾನವೇ ಬೇಕು. ಲಿಗೋರಿಯವರು ನನ್ನನ್ನು ಒತ್ತಿದರು. ನಾನು ಥಟ್ಟನೆ ಉತ್ತರ ಕೊಟ್ಟೆ. ಅದನ್ನು ನೋಡಿ ಅವರು ಹೇಳಿದರು:

"ತೊಂಬತ್ತು ಆಗ್ತದೆ ಮಗಾ. ಸೈನ್ಸಿಗೆ ತೊಂಬತ್ತೆರಡು ಬೇಕು. ಆರ್ಟ್ಸ್ ತಗೊಳ್ತೀಯಾ?"

ಐತಪ್ಪ "ಆಯ್ತು ಸರ್" ಎಂದು ಚೀಲ ಎತ್ತಿಕೊಂಡರು. ಹುಡುಗಿ ಕದಲಲಿಲ್ಲ.

"ಸರ್, ಹತ್ತು ವಿಷಯದಲ್ಲೂ ಎ ಪ್ಲಸ್ ಉಂಟು. ಅದರಿಂದ ಮೇಲೆ ನಮ್ಮಲ್ಲಿ ಗ್ರೇಡೇ ಇಲ್ಲ. ಇನ್ನು ನಾನು ಎಷ್ಟು ಓದಿದ್ರೆ ತೊಂಬತ್ತೆರಡು ಆಗ್ತದೆ, ಹೇಳಿ?"

ಲಿಗೋರಿಯವರು ನನ್ನನ್ನು ಮಗುಚಿ ಚೀಟಿ ಓದಿದರು.

"ಅಯ್ಯೋ ದೇವ್ರೇ! ಇಷ್ಟು ವರ್ಷ ಇದು ನನ್ನ ತಲೆಗೇ ಹೋಗ್ಲಿಲ್ಲ ಅಲ್ವಾ ಮಾರಾಯ್ರೇ!" ಎಂದು ಐತಪ್ಪನವರ ಮುಖ ನೋಡಿದರು. ಮತ್ತೆ ನನ್ನನ್ನೂ ಪಟ್ಟಿಯನ್ನೂ ಹಿಡಿದು ಸೀದಾ ಪ್ರಾಂಶುಪಾಲರ ಕೋಣೆಗೆ ನಡೆದರು.

ಮೇಡಂ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ತೊಂಬತ್ತರಿಂದ ನೂರರವರೆಗೂ ಎ ಪ್ಲಸ್ಸೇ ಅಲ್ವಾ? ನೂರು ಕೊಟ್ರೆ ಈಚೆಯ ಮಕ್ಕಳಿಗೆ ಅನ್ಯಾಯ. ತೊಂಬತ್ತು ಕೊಟ್ರೆ ಆಚೆಯವರಿಗೆ. ನಡುವಿನದ್ದು ಹಿಡೀರಿ. ಎಲ್ಲ ಗ್ರೇಡಿಗೂ ಹಾಗೇ."

ಸುಪ್ರೀತಾಳಿಗೆ ತೊಂಬತ್ತೈದಾಯಿತು. ಸೀಟು ಸಿಕ್ಕಿತು. ಐತಪ್ಪ ಲಿಗೋರಿಯವರಿಗೆ ಕೈಮುಗಿದರು. ಇವರಿಗೆ ಆ ಕೈ ನೋಡುವುದೇ ಕಷ್ಟವಾಯಿತು.

ಆ ಮಧ್ಯಾಹ್ನ ಲಿಗೋರಿಯವರು ಬುತ್ತಿ ಬಿಚ್ಚಲಿಲ್ಲ. ಕಪಾಟಿನಿಂದ ಹಳೆಯ ಅರ್ಜಿಗಳ ಕಟ್ಟು ಇಳಿಸಿ, ತಮ್ಮ ಕಾಲದಲ್ಲಿ ವಿಜ್ಞಾನ ಸಿಗದೆ ಹೋದ ಕಾಸರಗೋಡಿನ ಮಕ್ಕಳ ಅರ್ಜಿ ಹುಡುಕಿದರು. ಹನ್ನೊಂದು ಸಿಕ್ಕವು. ಒಂದೊಂದನ್ನೂ ಹೊಸ ಅಂಕದಲ್ಲಿ ಒತ್ತಿ ನೋಡಿದರು. ಒಂಬತ್ತು ಮಕ್ಕಳು ಗೆರೆ ದಾಟಿದರು. ಕೊನೆಯ ಉತ್ತರವನ್ನು ಅವರು ಅಳಿಸಲಿಲ್ಲ. ನಾನಾಗಿಯೇ ಆರುವವರೆಗೂ ನೋಡುತ್ತ ಕೂತಿದ್ದರು.

ಈಗ ಕಚೇರಿಗೆ ಕಂಪ್ಯೂಟರ್ ಬಂದಿದೆ, ಲಿಗೋರಿಯವರೂ ನಿವೃತ್ತರು. ನಾನು ಡ್ರಾಯರಿನಲ್ಲಿ, ಒಣಗಿದ ಸ್ಟ್ಯಾಂಪ್ ಪ್ಯಾಡಿನ ಪಕ್ಕ ಇದ್ದೇನೆ. ಬೆನ್ನಿನ ಚೀಟಿ ಹಾಗೇ ಇದೆ. ಅದರಲ್ಲಿ 90 ಹೊಡೆದುಹಾಕಿ 95 ಬರೆದಿದೆ. ಕೆಳಗೆ ಸಣ್ಣದಾಗಿ, ಲಿಗೋರಿಯವರ ಕೈಯಲ್ಲಿ, ಬರೀ 9 ಎಂದಿದೆ. ಮೊನ್ನೆ ಹೊಸ ಗುಮಾಸ್ತೆ ನನ್ನನ್ನು ಎತ್ತಿ ನೋಡಿ, "ಈ ಒಂಬತ್ತು ಯಾವ ಗ್ರೇಡಿನದ್ದಪ್ಪಾ?" ಎಂದುಕೊಂಡಳು. ಅದು ಗ್ರೇಡಿನದ್ದಲ್ಲ ತಾಯಿ. ಒಂದು ಲೆಕ್ಕವನ್ನೂ ತಪ್ಪದೆ ನಾನು ಬಾಗಿಲಿನಿಂದ ವಾಪಸು ಕಳಿಸಿದ ಮಕ್ಕಳು ಅವರು.