ತಟ್ಟೆ ಬೀಸುವ ಮೊದಲು

ಸಾಕ್ಷಿಕಟ್ಟೆ ಹತ್ತುವಾಗಲೂ ವರ್ನೆಲ್ ಟಬ್ಸ್‌ಳ ದವಡೆ ಸಿಡಿಯುತ್ತಿತ್ತು. ಎರಡು ಹಲ್ಲು ಉದುರಿ ಐದು ವಾರವಾಗಿತ್ತು. ಒಹಾಯೋ ರಾಜ್ಯದ ಒಂದು ಊರಿನ ಮಕ್ಕಳ ಬಂದೀಖಾನೆಯಲ್ಲಿ ಹನ್ನೊಂದು ವರ್ಷ ಕಾವಲುಗಾರ್ತಿಯಾಗಿದ್ದ ಅವಳಿಗೆ ಏಟು ತಿನ್ನುವುದು ಹೊಸದಲ್ಲ. ಕೋರ್ಟಿನಲ್ಲಿ ಬಾಯಿ ಬಿಡುವುದು ಹೊಸದು.

ಎದುರಿಗೆ ಬೇಡಿ ತೊಟ್ಟು ಕೂತಿದ್ದವಳು ಡೆಶೋನಾ, ಹದಿನೈದರ ಹುಡುಗಿ. ಅಮ್ಮನ ಜೊತೆ ಬಾಳುತ್ತಿದ್ದ ಲಮಾಂಟ್ ಗ್ರಿಯರ್ ಅಡುಗೆಮನೆಯಲ್ಲಿ ಅಮ್ಮನ ಕತ್ತು ಹಿಸುಕುತ್ತಿದ್ದಾಗ ಅವನ ಬೆನ್ನಿಗೆ ಮೂರು ಸಲ ಚಾಕು ಹಾಕಿದ್ದಳು. ಅವನು ಒಲೆಯ ಬುಡದಲ್ಲೇ ಪ್ರಾಣ ಬಿಟ್ಟಿದ್ದ. ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಇವತ್ತು ತೀರ್ಮಾನವಾಗಬೇಕಿದ್ದದ್ದು, ಅವಳ ವಿಚಾರಣೆ ಈ ಮಕ್ಕಳ ಕೋರ್ಟಿನಲ್ಲೋ ದೊಡ್ಡವರ ಕೋರ್ಟಿನಲ್ಲೋ ಎಂಬುದು. ಇಲ್ಲಿ ಉಳಿದರೆ ಇಪ್ಪತ್ತೊಂದನೇ ವಯಸ್ಸಿಗೆ ಬಿಡುಗಡೆ. ಅಲ್ಲಿಗೆ ಹೋದರೆ ಮುದುಕಿಯಾಗಿಯಾದರೂ ಹೊರಗೆ ಬಂದಾಳೆಂದು ಹೇಳುವಂತಿರಲಿಲ್ಲ.

ಹುಡುಗಿ ತಿದ್ದಿಕೊಳ್ಳುವವಳಲ್ಲ ಎಂದು ತೋರಿಸಲು ಸರ್ಕಾರಿ ವಕೀಲ ಬಂದೀಖಾನೆಯ ವರದಿಯ ಹಾಳೆ ಎತ್ತಿ ಹಿಡಿದ. "ಊಟದ ಹಾಲ್‌ನಲ್ಲಿ ಈ ಹುಡುಗಿ ತಟ್ಟೆ ಬೀಸಿ ನಿಮ್ಮ ಹಲ್ಲು ಮುರಿದ್ಲು. ಹೌದಲ್ವಾ?"

"ಹೌದು."

"ಯಾರೂ ಏನೂ ಮಾಡದೇನೇ?"

"ವರದೀಲಿ ಹಾಗಿದೆ."

"ಕೆಳಗಿನ ಸಹಿ?"

"ನಂದೇ."

ಅವನು ಗೆದ್ದವನಂತೆ ಕೂತ. ಹುಡುಗಿಯ ಪರ ವಕೀಲೆ ಎದ್ದಳು. "ಮಿಸ್ ಟಬ್ಸ್, ತಟ್ಟೆ ಬೀಸೋಕೆ ಮುಂಚೆ ಏನಾಯ್ತು?"

ಹಿಂದಿನ ಸಾಲಿನಲ್ಲಿ ಕ್ರೌಸ್ ಕೈಕಟ್ಟಿ ಕೂತಿದ್ದ. ಅವಳ ಜೊತೆಯ ಕಾವಲುಗಾರ. ವರದಿ ಬರೆದವನೂ ಅವನೇ. ಬೆಳಿಗ್ಗೆ ಮೆಟ್ಟಿಲ ಹತ್ತಿರ ನಗುತ್ತಲೇ ಹೇಳಿದ್ದ: "ಬರ್ದಿರೋದಷ್ಟೇ ಹೇಳು, ತಾಯಿ. ನಾಲಿಗೆ ಜಾಸ್ತಿ ಓಡಿಸಿದ್ರೆ ಇರೋ ಹಲ್ಲೂ ಇರಲ್ಲ."

ವರ್ನೆಲ್ ಅವನ ಕಡೆ ನೋಡದೆ ಹೇಳಿದಳು. ಹುಡುಗಿ ಜೋಳದ ಬ್ರೆಡ್ಡಿನ ತುಂಡೊಂದನ್ನು ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಕೊಡು ಎಂದ ಕ್ರೌಸ್. "ರಾತ್ರಿ ಹಸಿವಾಗುತ್ತೆ, ನಿಮಗೇನು ಕಷ್ಟ?" ಎಂದಳು ಹುಡುಗಿ. ಅವನು ಅವಳ ಜುಟ್ಟು ಹಿಡಿದು ಮುಖವನ್ನು ಉಕ್ಕಿನ ಮೇಜಿಗೆ ಜಜ್ಜಿದ. ಎರಡನೇ ಸಲಕ್ಕೆ ಹುಬ್ಬು ಸೀಳಿ, ಚೆಲ್ಲಿದ್ದ ಹಾಲು ಕೆಂಪಾಯಿತು. ಮೂರನೇ ಸಲ ಹುಡುಗಿ ನುಣುಚಿಕೊಂಡು ತಟ್ಟೆ ಬೀಸಿದಳು. ಅದು ಅವನಿಗೆಂದು ಬೀಸಿದ್ದು. ಬಿಡಿಸಲು ನಡುವೆ ಬಂದ ವರ್ನೆಲ್‌ಗೆ ಬಿತ್ತು.

"ಆಮೇಲೆ?"

"ಕ್ರೌಸ್ ಅವಳನ್ನ ನೆಲಕ್ಕೆ ಕೆಡವಿ ಪಕ್ಕೆಗೆ ಬೂಟಲ್ಲಿ ಒದ್ದ. ನಾಲ್ಕು ಸಲ."

"ಆಗ ನೀವೆಲ್ಲಿದ್ರಿ?"

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಅವಳ ಕಾಲು ಹಿಡ್ಕೊಂಡಿದ್ದೆ. ಬಾಯಿ ತುಂಬ ರಕ್ತ, ತಲೆ ಕೆಟ್ಟಿತ್ತು. ಒದೀಲಿ ಬಿಡು ಅನ್ಕೊಂಡೆ."

ಡೆಶೋನಾ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದಳು. ಕ್ರೌಸ್ ಬಾಗಿಲನ್ನು ಧಡಾರನೆ ಬಡಿದು ಹೊರಗೆ ಹೋದ.

ಮಧ್ಯಾಹ್ನ ನ್ಯಾಯಾಧೀಶೆ ತೀರ್ಪು ಹೇಳಿದರು. "ಈ ಮಗು ತಿದ್ದೋಕಾಗಲ್ಲ ಅಂತೀರಿ. ತಿದ್ದೋಕೆ ಅಂತ ಇಟ್ಕೊಂಡ ಜಾಗದಲ್ಲಿ ನಾವು ಮಾಡಿದ್ದು ಇದು. ಕೇಸು ಇಲ್ಲೇ ನಡೆಯುತ್ತೆ."

ಮಾತು ಮುಗಿಯುವ ಮೊದಲೇ ಸತ್ತವನ ಅಣ್ಣ ಒಡೆಲ್ ಗ್ರಿಯರ್ ಬೆಂಚು ಹಾರಿ ಬಂದ. "ನನ್ ತಮ್ಮನ ಜೀವಕ್ಕೆ ಆರು ವರ್ಷಾನಾ?" ಕಬ್ಬಿಣದ ಮಡಚುವ ಕುರ್ಚಿ ಅವನ ಕೈಗೆ ಸಿಕ್ಕಿತ್ತು. ಪೊಲೀಸರು ಬಾಗಿಲ ಬಳಿಯಿದ್ದರು. ಹತ್ತಿರವಿದ್ದವಳು ವರ್ನೆಲ್ ಒಬ್ಬಳೇ. ಯೋಚಿಸಲಿಲ್ಲ, ಹುಡುಗಿಯನ್ನು ಕೆಡವಿ ಮೇಲೆ ಬಿದ್ದಳು. ಮೊದಲ ಏಟಿಗೆ ಭುಜದ ಎಲುಬು ಲಟಕ್ಕೆಂದಿತು. ಎರಡನೆಯದು ತಲೆಗೆ. ಮೂರನೆಯದಕ್ಕೆ ಕುರ್ಚಿ ಎತ್ತುವಷ್ಟರಲ್ಲಿ ನಾಲ್ವರು ಪೊಲೀಸರು ಅವನ ಮೇಲೆ ಬಿದ್ದು, ಮುಖ ನೆಲಕ್ಕೊತ್ತಿ, ಬೆನ್ನಿಗೆ ಮೊಣಕಾಲೂರಿದರು. ಅವನು ತಮ್ಮನ ಹೆಸರು ಹಿಡಿದು ಕೂಗುತ್ತಲೇ ಇದ್ದ.

"ಏಳಿ ಮಿಸ್ ಟಬ್ಸ್, ಉಸಿರು ಕಟ್ತಿದೆ!" ಎಂದಳು ಕೆಳಗಿನಿಂದ ಡೆಶೋನಾ.

"ಸ್ವಲ್ಪ ತಡ್ಕೋ ಕಣೇ. ಕೈ ಊರೋಕಾಗ್ತಿಲ್ಲ."

ಒಡೆಲ್ ಜೈಲಿಗೆ ಹೋದ. ಒದ್ದದ್ದಕ್ಕೆ ಕ್ರೌಸ್‌ನ ಕೆಲಸ ಹೋಯಿತು. ವರ್ನೆಲ್‌ಗೆ ಇಲಾಖೆಯ ಪತ್ರ ಆಸ್ಪತ್ರೆಗೇ ಬಂತು: ಸುಳ್ಳು ವರದಿಗೆ ಸಹಿ, ಹೊಡೆತಕ್ಕೆ ಸಹಾಯ, ಆದ್ದರಿಂದ ವಜಾ.

"ಕೆಟ್ಟ ಸುದ್ದೀನಾ ಅಕ್ಕಾ?" ಎಂದಳು ನರ್ಸು.

"ಕೆಲಸ ಹೋಯ್ತು. ಬರ್ದಿರೋದೆಲ್ಲ ನಿಜ," ಎಂದು ವರ್ನೆಲ್ ಗೋಡೆಯ ಕಡೆ ಹೊರಳಿದಳು.