ನೊಗ ಇಳಿಸುವ ದಿನ

ವರುಣ್ ಗೋಡೆಗೆ ಅಂಟಿಸಿದ ಪಟ್ಟಿಯನ್ನು ಕಂಡರೆ ಯಾರಿಗಾದರೂ ಗೌರವ ಹುಟ್ಟುವಂತಿತ್ತು. ಅಗಲವಾದ ಬಿಳಿ ಹಾಳೆ, ಸ್ಕೇಲು ಹಿಡಿದು ಎಳೆದ ಗೆರೆ, ಏಳು ದಿನಕ್ಕೆ ಏಳು ಸಾಲು. ಭಾರ ಎತ್ತುವುದಕ್ಕೆ ಹಸಿರು ಬಣ್ಣ, ಓಟಕ್ಕೆ ಕೆಂಪು, ಗುಂಡು ಎಸೆತಕ್ಕೆ ನೀಲಿ. ಬಲತುದಿಯಲ್ಲಿ ಒಂದು ಸಣ್ಣ ಅಂಕಣ; ಅದರ ತಲೆಯ ಮೇಲೆ ‘ಬಾಕಿ’ ಎಂದು ಬರೆದು ಅಡಿಗೆರೆ ಹಾಕಿದ್ದ.

“ವಾರದಲ್ಲಿ ಏನೇನು ತಪ್ಪುತ್ತೋ ಎಲ್ಲ ಇಲ್ಲಿ ಬರಿ. ಭಾನುವಾರ ಕೂತು ಎಲ್ಲ ಮುಗಿಸು. ಸಿಲೆಬಸ್ಸು ಹೀಗೇ ಮುಗಿಯೋದು,” ಎಂದ ವರುಣ್.

ಮಹಂತೇಶ ತಲೆಯಾಡಿಸಿದ. ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಮೂರನೇ ಮಹಡಿಯ ಆ ಒಂದೇ ಕೋಣೆಯಲ್ಲಿ ಇಬ್ಬರೂ ಎರಡು ವರ್ಷದಿಂದ ಜೊತೆಗಿದ್ದರು. ವರುಣ್ ಮೈಸೂರಿನವನು, ಐಎಎಸ್ ಓದುತ್ತಿದ್ದ. ಸವದತ್ತಿ ಕಡೆಯ ಒಕ್ಕಲುಮನೆಯಿಂದ ಬಂದ ಮಹಂತೇಶ ಅರೆಸೈನಿಕ ಪಡೆಯ ಅಧಿಕಾರಿಯ ಹುದ್ದೆಗೆ ಬರೆದಿದ್ದ. ಬರವಣಿಗೆಯ ಪರೀಕ್ಷೆ ದಾಟಿಯಾಗಿತ್ತು. ಇನ್ನು ಎಂಟು ವಾರಕ್ಕೆ ದೈಹಿಕ ಪರೀಕ್ಷೆ. ಎಂಟುನೂರು ಮೀಟರನ್ನು ಮೂರು ನಿಮಿಷ ನಲವತ್ತೈದು ಸೆಕೆಂಡಿನೊಳಗೆ ಓಡಬೇಕು, ಏಳೂಕಾಲು ಕಿಲೋ ತೂಕದ ಗುಂಡನ್ನು ನಾಲ್ಕೂವರೆ ಮೀಟರು ಎಸೆಯಬೇಕು. ಹೋದ ವರ್ಷ ಓಟದಲ್ಲಿ ಹನ್ನೆರಡು ಸೆಕೆಂಡು ತಡವಾಗಿ ಹೊರಗೆ ಬಿದ್ದಿದ್ದ. ಈ ವರ್ಷ ಬಿದ್ದರೆ ಮುಗಿಯಿತು, ವಯಸ್ಸು ದಾಟಿಹೋಗುತ್ತದೆ.

ಊರಲ್ಲಿದ್ದಾಗ ಓಟವನ್ನು ಯಾರೂ ಅಳೆದಿರಲಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವಾಗ ಓಡಿದ್ದುಂಟು, ಹಗ್ಗ ಕಿತ್ತುಕೊಂಡ ಹೋರಿಯ ಹಿಂದೆ ಓಡಿದ್ದುಂಟು. ಆದರೆ ದಿಲ್ಲಿಗೆ ಬಂದ ಮೇಲೆ ಮೂರು ವರ್ಷ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಹೊಟ್ಟೆ ಮೆತ್ತಗೆ ಮುಂದೆ ಬಂದಿತ್ತು. ಜನವರಿಯ ಮೊದಲ ವಾರ ರಿಜ್ ಕಾಡಿನ ಅಂಚಿನ ಮೈದಾನದಲ್ಲಿ ವರುಣ್ ಗಡಿಯಾರ ಹಿಡಿದು ಓಡಿಸಿದಾಗ ಆದ ಹೊತ್ತು ನಾಲ್ಕು ನಿಮಿಷ ಎರಡು ಸೆಕೆಂಡು.

ಭಾರ ಎತ್ತಲು ಅವರು ಹಿಡಿದದ್ದು ಒಂದು ಜೆರಾಕ್ಸ್ ಅಂಗಡಿಯ ಕೆಳಗಿನ ನೆಲಮಾಳಿಗೆಯ ಜಿಮ್. ತುಕ್ಕು ಹತ್ತಿದ ಕಬ್ಬಿಣದ ತಟ್ಟೆಗಳು, ಗೋಡೆಯ ತುಂಬ ಕನ್ನಡಿ, ಮೂಲೆಯಲ್ಲಿ ಹನುಮಂತನ ಪಟ, ಅದರ ಮುಂದೆ ಊದಿನಕಡ್ಡಿ. ನಡೆಸುತ್ತಿದ್ದವನು ರೋಹ್ತಕ್ ಕಡೆಯ ಹಳೆಯ ಕುಸ್ತಿಪಟು ಸತ್ಬೀರ್. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಅವನ ಎರಡೂ ಕಿವಿಗಳು ಮುದ್ದೆಯಾಗಿದ್ದವು. ವರುಣ್ ತಂದು ತೋರಿಸಿದ ಪಟ್ಟಿಯ ನಕಲನ್ನು ಅವನು ಬಹಳ ಹೊತ್ತು ನೋಡಿದ.

“ಅಚ್ಛಾ. ಬಣ್ಣ ಚೆನ್ನಾಗಿದೆ. ವಿಶ್ರಾಂತಿ ಯಾವ ಬಣ್ಣ?” ಎಂದು ಹಿಂದಿಯಲ್ಲಿ ಕೇಳಿದ.

“ರಾತ್ರಿ ಮಲಗ್ತಾನಲ್ಲ, ಭಾಯಿಸಾಬ್,” ಎಂದ ವರುಣ್.

ಸತ್ಬೀರ್ ಪಟ್ಟಿಯನ್ನು ಮಡಚಿ ವಾಪಸು ಕೊಟ್ಟ. “ಓದಿದವರು. ಮಾಡಿ ನೋಡಿ,” ಎಂದಷ್ಟೇ ಹೇಳಿ ಬೇರೆ ಕೆಲಸಕ್ಕೆ ಹೋದ.

ಮೊದಲ ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಎರಡನೆಯ ವಾರ ಮಂಜು ಬಿತ್ತು. ಎರಡು ಬೆಳಗು ಎದುರಿನ ಕಟ್ಟಡವೇ ಕಾಣದಷ್ಟು ದಟ್ಟವಾಗಿತ್ತು, ಓಟ ತಪ್ಪಿತು. ಶುಕ್ರವಾರ ಮಹಂತೇಶ ಹೋಗುತ್ತಿದ್ದ ಕೋಚಿಂಗಿನಲ್ಲಿ ಅಣಕು ಸಂದರ್ಶನವಿತ್ತು, ಜಿಮ್ ತಪ್ಪಿತು. ವರುಣ್ ಎಲ್ಲವನ್ನೂ ಬಾಕಿಯ ಅಂಕಣದಲ್ಲಿ ದುಂಡಗೆ ಬರೆದ. ಭಾನುವಾರ ಮಹಂತೇಶ ಬೆಳಗ್ಗೆ ಎರಡು ದಿನದ ಓಟ ಓಡಿದ, ಹನ್ನೊಂದಕ್ಕೆ ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದನ್ನು ಎಣಿಸಿ ಎಣಿಸಿ ಮಾಡಿದ, ಸಂಜೆ ನಲವತ್ತು ಸಲ ಗುಂಡು ಎಸೆದ. ಅಂಕಣದ ಒಂದೊಂದೇ ಸಾಲನ್ನು ಹೊಡೆದುಹಾಕಿದಾಗ ಇಬ್ಬರಿಗೂ ಬಹಳ ಸಂತೋಷವಾಯಿತು.

ಸೋಮವಾರ ಬೆಳಗ್ಗೆ ಮಹಂತೇಶ ಮೆಟ್ಟಿಲಿನ ತಲೆಯಲ್ಲಿ ನಿಂತು ಕೆಳಗೆ ನೋಡಿದ. ಒಂದು ಕಾಲು ಇಳಿಸಿದ, ತೊಡೆ ಕೂಗಿಕೊಂಡಿತು. ಕೊನೆಗೆ ಗೋಡೆ ಹಿಡಿದು ಮುಖ ಮೇಲಕ್ಕೆ ಮಾಡಿ ಹಿಮ್ಮುಖವಾಗಿ ಮೂರು ಮಹಡಿ ಇಳಿದ. ಹಾಲು ಹಿಡಿದು ಹತ್ತಿ ಬರುತ್ತಿದ್ದ ಕೆಳಮನೆಯ ಪಂಜಾಬಿ ಮುದುಕಿ, “ಏನು ಮಗಾ, ಮನೆ ಬಿಡೋಕೆ ಮನಸ್ಸಿಲ್ಲವೇ?” ಎಂದು ಕೇಳಿದಳು.

ಪಟ್ಟಿಯಲ್ಲಿ ಸೋಮವಾರ ಕೆಂಪು ಬಣ್ಣವಿತ್ತು. ಓಡಿದ. ನಾಲ್ಕು ನಿಮಿಷ ಒಂಬತ್ತು ಸೆಕೆಂಡು.

ಇಬ್ಬರೂ ಗಡಿಯಾರವನ್ನು ಒಬ್ಬರ ನಂತರ ಒಬ್ಬರು ನೋಡಿದರು. ಎರಡು ವಾರ ದುಡಿದ ಮೇಲೆ ಏಳು ಸೆಕೆಂಡು ಹಿಂದೆ ಹೋಗಿತ್ತು.

“ಮಾರ್ಕ್ಸ್ ಕಡಿಮೆ ಬಂದ್ರೆ ಏನು ಮಾಡ್ತೀವಿ? ಓದೋ ಹೊತ್ತು ಜಾಸ್ತಿ ಮಾಡ್ತೀವಿ. ನಾಳೆಯಿಂದ ಇನ್ನೊಂದು ಗಂಟೆ ಸೇರಿಸೋಣ,” ಎಂದ ವರುಣ್. ಮಹಂತೇಶನಿಗೆ ಬೇರೆ ದಾರಿ ಹೊಳೆಯಲಿಲ್ಲ. ಆಗಲಿ ಎಂದ.

ಅಪ್ಪನಿಗೆ ಅವನು ಫೋನು ಮಾಡುತ್ತಿದ್ದದ್ದು ಸೋಮವಾರ ಸಂಜೆ. ಅವರ ಕಡೆ ಸೋಮವಾರ ಬಸವಣ್ಣನ ವಾರ, ಎತ್ತುಗಳನ್ನು ಯಾರೂ ಹೂಡುವುದಿಲ್ಲ. ಹೊಲದ ಕೆಲಸ ಎಷ್ಟೇ ಇರಲಿ, ನೊಗ ಗೋಡೆಗೆ ಒರಗಿಕೊಂಡಿರುತ್ತದೆ. ಹಾಗಾಗಿ ಆ ದಿನ ಅಪ್ಪ ಮನೆಯಲ್ಲೇ ಸಿಗುತ್ತಿದ್ದ.

“ಯಾಕೋ, ಧ್ವನಿ ಸಣ್ಣ ಆಗೇತಿ?”

“ಏನಿಲ್ಲಪ್ಪ. ಕಾಲು ಸ್ವಲ್ಪ ಹಿಡಕೊಂಡಾವ. ಓಡಾಕತ್ತೀನಲ್ಲ.”

“ವಾರದಾಗ ಎಷ್ಟು ದಿನ ಓಡತಿ?”

“ದಿನಾ ಏನರೆ ಒಂದು ಇರತೈತಿ. ಓಡೂದು, ಇಲ್ಲಾಂದ್ರ ಭಾರ ಎತ್ತೂದು.”

“ದಿನಾ ಅಂದ್ರ, ಇವತ್ತೂ?”

“ಹೂಂ, ಇವತ್ತೂ ಓಡಿದೆ.”

“ಇಲ್ಲೆ ಕೊಟ್ಟಿಗ್ಯಾಗ ಎರಡು ಎತ್ತು ಕಾಲು ಮಡಚಿ ಮಲಗ್ಯಾವ. ಮುಂಜಾನಿಂದ ಮೆಲುಕು ಹಾಕಾಕತ್ತಾವ. ನಿನಗಿಂತ ಅವೇ ಶಾಣ್ಯಾ ಆದುವಲ್ಲೋ,” ಎಂದ ಅಪ್ಪ. “ದಿಲ್ಲ್ಯಾಗ ನಿನ್ನ ಹೂಡಿದವರು ಯಾರು?”

“ರೂಮಿನ ಹುಡುಗ ಒಂದು ಪಟ್ಟಿ ಹಾಕಿಕೊಟ್ಟಾನ.”

“ಅವರ ಮನ್ಯಾಗ ಎತ್ತು ಅದಾವೇನು?”

“ಇಲ್ಲ. ಅವರಪ್ಪ ಮೈಸೂರಾಗ ಬ್ಯಾಂಕಿನ್ಯಾಗ ಅದಾರ.”

“ಹಂಗಾದ್ರ ಪಾಪ, ಅವಂಗ ಹೆಂಗ ಗೊತ್ತಾಗಬೇಕು ಬಿಡು,” ಎಂದು ಅಪ್ಪ ಮಳೆ, ಕಡಲೆ ಬೆಳೆ ಎಂದು ಬೇರೆ ಮಾತಿಗೆ ತಿರುಗಿದ.

ಫೋನು ಇಟ್ಟ ಮೇಲೂ ಮಹಂತೇಶ ಹಾಸಿಗೆಯ ಅಂಚಿನಲ್ಲಿ ಕೂತೇ ಇದ್ದ. ಹನ್ನೆರಡು ವರ್ಷದವನಿದ್ದಾಗಲೇ ಅವನಿಗೆ ಎತ್ತಿನ ದಣಿವು ತಿಳಿಯುತ್ತಿತ್ತು. ಮೊದಲು ಕಿವಿ ಜೋಲುತ್ತದೆ, ಆಮೇಲೆ ತಿರುವಿನಲ್ಲಿ ಹೆಜ್ಜೆ ಭಾರವಾಗುತ್ತದೆ. ಬಾಯಲ್ಲಿ ನೊರೆ ಬರುವ ತನಕ ಕಾದವನು ಒಕ್ಕಲಿಗನೇ ಅಲ್ಲ ಎಂದು ಊರು ನಗುತ್ತದೆ. ಮೂರು ದಿನ ಮಳೆ ಬಂದು ನೇಗಿಲು ನಿಂತರೆ ನಾಲ್ಕನೆಯ ದಿನ ಎತ್ತಿನಿಂದ ನಾಲ್ಕು ದಿನದ ಉಳುಮೆ ತೆಗೆದವರನ್ನು ಅವನು ಎಲ್ಲೂ ಕಂಡಿರಲಿಲ್ಲ. ಇಷ್ಟೆಲ್ಲ ತಿಳಿದವನು ತನ್ನ ಮೈಯನ್ನು ಮಾತ್ರ ಪುಸ್ತಕದ ಹಾಗೆ ಓದಿ ಮುಗಿಸಲು ಹೊರಟಿದ್ದನಲ್ಲ. ಅವನಿಗೆ ನಗು ಬಂತು. ನಕ್ಕರೆ ಹೊಟ್ಟೆಯ ಸ್ನಾಯುವೂ ನೋಯುತ್ತಿತ್ತು.

ಮರುದಿನ ನೆಲಮಾಳಿಗೆಗೆ ಹೋಗಿ ಸತ್ಬೀರನಿಗೆ ಎಲ್ಲ ಹೇಳಿದ. ಸತ್ಬೀರ್ ತೊಡೆ ತಟ್ಟಿಕೊಂಡು ನಕ್ಕ.

“ನಮ್ಮಲ್ಲಿ ಅಮಾವಾಸ್ಯೆ. ಆ ದಿನ ಹರಿಯಾಣದಲ್ಲಿ ಯಾರೂ ಎತ್ತು ಕಟ್ಟುತ್ತಿರಲಿಲ್ಲ. ನಿಮ್ಮಲ್ಲಿ ವಾರಕ್ಕೊಂದು ರಜೆಯೇ? ಹಾಗಾದರೆ ನಿಮ್ಮ ಎತ್ತುಗಳದ್ದು ಸರ್ಕಾರಿ ನೌಕರಿ.”

“ಅವುಗಳಿಗೆ ಸಿಕ್ಕಿದೆ. ನನಗೆ ಸಿಗಬೇಕು.”

“ಸಿಗತ್ತೆ. ಕೂತುಕೋ.” ಸತ್ಬೀರ್ ಒಂದು ಸೀಮೆಸುಣ್ಣದ ತುಂಡು ತೆಗೆದು ನೆಲದ ಮೇಲೆ ಬರೆಯತೊಡಗಿದ. “ಮಂಗಳವಾರ ಕಾಲಿಗೆ ಭಾರ. ಬುಧವಾರ ಕಾಲನ್ನು ಮುಟ್ಟಬೇಡ. ತೋಳು, ಹೆಗಲು, ಗುಂಡು. ಅಷ್ಟರಲ್ಲಿ ಕಾಲು ಮಾಗುತ್ತದೆ. ಗುರುವಾರ ಓಟ, ಸಣ್ಣ ಸಣ್ಣ ತುಂಡು, ಜೋರಾಗಿ. ಶುಕ್ರವಾರ ನಡಿಗೆ, ಎಣ್ಣೆ ಹಚ್ಚಿ ಮೈ ಸಡಿಲ ಮಾಡೋದು. ಶನಿವಾರ ಮತ್ತೆ ಭಾರ, ಆದರೆ ಅರ್ಧ. ಭಾನುವಾರ ಪೂರಾ ಎಂಟುನೂರು, ಒಂದೇ ಸಲ. ಸೋಮವಾರ ನಿನ್ನ ಎತ್ತುಗಳದ್ದು.”

“ನಡುವೆ ಒಂದು ದಿನ ತಪ್ಪಿದರೆ?”

“ತಪ್ಪಿತು. ಮುಂದಿನ ದಿನದ್ದು ಮಾಡು. ಮೂರು ದಿನ ಊಟ ಬಿಟ್ಟು ಭಾನುವಾರ ಮೂವತ್ತು ರೊಟ್ಟಿ ತಿನ್ನುತ್ತೀಯಾ?”

ಮಹಂತೇಶ ಪ್ರಾಮಾಣಿಕವಾಗಿ ಯೋಚಿಸಿದ. “ಹದಿನೈದು ತಿಂದೇನು.”

“ಅದೇ. ತಿಂದು ಸೋಮವಾರ ಏಳುವುದಿಲ್ಲ.”

ಮಹಂತೇಶ ಹೇಳಿದ್ದನ್ನು ಕೇಳಿ ಆ ಸಂಜೆ ವರುಣ್ ಮುಖ ಊದಿಸಿಕೊಂಡ. ತಾನು ಎರಡು ದಿನ ಕೂತು ಮಾಡಿದ ಪಟ್ಟಿಯನ್ನು ಗೋಡೆಯಿಂದ ಬಿಡಿಸಿ, ಸುರುಳಿ ಮಾಡಿ, ಕಪಾಟಿನ ಮೇಲೆ ಇಟ್ಟ. ಚಹಾ ಮಾಡಿದ, ಒಂದೇ ಲೋಟ. ಮಹಂತೇಶ ಒಂದು ಹೊಸ ಹಾಳೆ ತೆಗೆದು ಸ್ಕೇಲಿಲ್ಲದೆ ಗೆರೆ ಎಳೆಯತೊಡಗಿದ. ಗೆರೆ ಸೊಟ್ಟಗಾಯಿತು, ಇನ್ನೊಂದೂ ಸೊಟ್ಟಗಾಯಿತು. ವರುಣ್ ಎಷ್ಟು ಹೊತ್ತು ತಾನೇ ತಡೆದಾನು.

“ಕೊಡೋ ಇಲ್ಲಿ. ಹಾಳೆ ದಂಡ ಮಾಡ್ತೀಯ,” ಎಂದು ಕಿತ್ತುಕೊಂಡ. ಆರು ಸಾಲು ಬರೆದ ಮೇಲೆ ಪೆನ್ನು ನಿಲ್ಲಿಸಿದ. “ಸೋಮವಾರ ಖಾಲಿ ಬಿಡೋದಾ? ಪಟ್ಟಿಯಲ್ಲಿ ಖಾಲಿ ಜಾಗ ನನ್ನ ಕೈಲಿ ನೋಡೋಕಾಗಲ್ಲ.”

“ಮೆಲುಕು ಅಂತ ಬರಿ.”

ವರುಣ್ ಅವನ ಮುಖ ನೋಡಿದ, ತಮಾಷೆ ಅಲ್ಲವೆಂದು ಖಾತ್ರಿ ಮಾಡಿಕೊಂಡು ಕಂದು ಬಣ್ಣದಲ್ಲಿ ‘ಮೆಲುಕು’ ಎಂದು ಬರೆದ. ಆಮೇಲೆ ಎರಡನೇ ಲೋಟಕ್ಕೂ ಚಹಾ ಇಟ್ಟ.

ಒಪ್ಪಿಕೊಂಡ ಮೇಲೆ ಅವನಷ್ಟು ನಿಷ್ಠಾವಂತ ಬೇರೊಬ್ಬನಿರಲಿಲ್ಲ. ಸೋಮವಾರ ಮಹಂತೇಶ ಕದ್ದು ವ್ಯಾಯಾಮ ಮಾಡದಂತೆ ಕಾಯಬೇಕೆಂದು ತಾನೂ ಮಧ್ಯಾಹ್ನ ಅವನ ಪಕ್ಕದಲ್ಲೇ ಮಲಗುತ್ತಿದ್ದ. ಕಾಯುವವನ ಗೊರಕೆಯೇ ಮೊದಲು ಕೇಳುತ್ತಿತ್ತು. ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತಿದ್ದ ಆ ಹುಡುಗ ಮಂಗಳವಾರ ಎದ್ದಾಗ ಮುಖ ತೊಳೆದ ತಟ್ಟೆಯ ಹಾಗೆ ಇರುತ್ತಿತ್ತು.

ಓಟಕ್ಕೆ ಹಿಡಿಯುವ ಹೊತ್ತು ಇಳಿಯತೊಡಗಿತು. ಒಂದು ಭಾನುವಾರ ನಾಲ್ಕು ನಿಮಿಷ, ಮುಂದಿನ ಭಾನುವಾರ ಮೂರು ಐವತ್ತಮೂರು. ಗುಂಡು ನಾಲ್ಕೂವರೆಯ ಗೆರೆ ದಾಟಿ ಬೀಳತೊಡಗಿತು. ಐದನೆಯ ವಾರ ಶೀತಜ್ವರ ಬಂದು ಮೂರು ದಿನ ಹೋದವು. ಭಾನುವಾರ ನಸುಕಿನಲ್ಲೇ ಎದ್ದು ಮಹಂತೇಶ ಶೂ ಹುಡುಕಿದ. ಇರಲಿಲ್ಲ.

“ಕೊಡೋ ಮಾರಾಯ. ಮೂರು ದಿನ ಸುಮ್ಮನೆ ಹೋದುವು. ಒಂದು ಎರಡು ಸುತ್ತು ಹೆಚ್ಚಿಗೆ ಓಡತೀನಿ ಅಷ್ಟೇ.”

“ಹೋದವು ಹೋದವು,” ಎಂದು ವರುಣ್ ರಜಾಯಿಯ ಒಳಗಿನಿಂದಲೇ ಹೇಳಿದ. “ಒಂದೇ ಎಂಟುನೂರು. ಅದೂ ಬಿಸಿಲು ಬಂದ ಮೇಲೆ.” ಶೂ ಅವನ ರಜಾಯಿಯ ಒಳಗೇ ಇದ್ದವು.

ಆ ದಿನ ಜ್ವರದ ಸುಸ್ತಿನಲ್ಲೂ ಮೂರು ಐವತ್ತು ಬಂತು. ಪರೀಕ್ಷೆಗೆ ಒಂದು ವಾರ ಉಳಿದ ಭಾನುವಾರ ಮೂರು ನಲವತ್ತೇಳು. ಇನ್ನೂ ಎರಡು ಸೆಕೆಂಡು ಹೆಚ್ಚೇ. ಮಹಂತೇಶ ಓಡುತ್ತಲೇ ನೆಲಮಾಳಿಗೆಗೆ ಹೋದ. ಈ ಕೊನೆಯ ವಾರ ಎರಡು ಹೊತ್ತೂ ಓಡುತ್ತೇನೆ ಎಂದ.

“ಈ ವಾರ ಎಲ್ಲ ಅರ್ಧ ಮಾಡು. ಕೊನೆಯ ಮೂರು ದಿನ ಏನೂ ಬೇಡ,” ಎಂದ ಸತ್ಬೀರ್.

“ಇನ್ನೂ ಎರಡು ಸೆಕೆಂಡು ಇಳಿಯಬೇಕು, ಉಸ್ತಾದ್.”

“ಆ ಎರಡು ಸೆಕೆಂಡು ನಿನ್ನ ಕಾಲಲ್ಲೇ ಇವೆ. ದಣಿವು ಮೇಲೆ ಕೂತಿದೆ, ಅದನ್ನು ಇಳಿಸು.” ಅವನು ಬಾರನ್ನು ಸ್ಟ್ಯಾಂಡಿಗೆ ಇಟ್ಟು ಮೆಲ್ಲಗೆ ಹೇಳಿದ: “ಕುಸ್ತಿಯ ದಂಗಲ್‌ನ ಹಿಂದಿನ ದಿನ ನಾನೊಮ್ಮೆ ಸಾವಿರ ಬಸ್ಕಿ ಹೊಡೆದೆ. ಮರುದಿನ ಎದುರಾಳಿಯ ಮೊದಲ ಹಿಡಿತಕ್ಕೇ ಅಂಗಾತ ಬಿದ್ದು ಆಕಾಶ ನೋಡಿದೆ.”

ಆ ಮೂರು ದಿನ ಮಹಂತೇಶನಿಗೆ ಎಂಟು ವಾರಕ್ಕಿಂತ ಉದ್ದವಾದವು. ಕೋಣೆಯಲ್ಲಿ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಮುಂದಿನ ಮನೆಯ ನಾಯಿ ಓಡಿದರೂ ಹೊಟ್ಟೆಕಿಚ್ಚಾಗುತ್ತಿತ್ತು. ಮೂರನೆಯ ದಿನ ಸಂಜೆ ಮಾತ್ರ ಒಂದು ಸಂಗತಿ ಗಮನಕ್ಕೆ ಬಂತು: ಮೂರು ಮಹಡಿ ಹತ್ತಿದ್ದೇ ಗೊತ್ತಾಗಿರಲಿಲ್ಲ.

ಪರೀಕ್ಷೆ ನಡೆದದ್ದು ಊರ ಹೊರಗಿನ ಒಂದು ಪಡೆಯ ಮೈದಾನದಲ್ಲಿ, ಮಾರ್ಚಿನ ತಂಪು ಬೆಳಗಿನಲ್ಲಿ. ಗುಂಡು ಎರಡನೆಯ ಎಸೆತಕ್ಕೇ ಗೆರೆ ದಾಟಿತು. ಕೊನೆಯದು ಓಟ. ಇಪ್ಪತ್ತು ಜನರ ತಂಡ, ಎರಡು ಸುತ್ತು. ಸೀಟಿ ಊದಿದ್ದೇ ಎಲ್ಲರೂ ಕೋಲು ಕಂಡ ಕರುಗಳ ಹಾಗೆ ನುಗ್ಗಿದರು. ಮಹಂತೇಶ ನುಗ್ಗಲಿಲ್ಲ. ಮೊದಲ ಸುತ್ತಿಗೆ ಹದಿನಾಲ್ಕನೆಯವನಾಗಿದ್ದ. ಎರಡನೆಯ ಸುತ್ತಿನ ದೂರದ ತಿರುವಿನಲ್ಲಿ ಮುಂದಿನವರ ಹೆಜ್ಜೆ ಭಾರವಾಗುವುದನ್ನು ಕಂಡ. ಒಬ್ಬೊಬ್ಬರನ್ನೇ ದಾಟಿದ. ಎದೆ ಉರಿಯುತ್ತಿತ್ತು, ಕಾಲು ಮಾತ್ರ ಕೇಳಿದಷ್ಟು ಕೊಡುತ್ತಿತ್ತು. ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಲೇ ಸುಣ್ಣದ ಗೆರೆ ಕಾಲಡಿಗೆ ಬಂದು ಹೋಯಿತು.

ಮೇಜಿನ ಹಿಂದೆ ಕೂತ ಅಧಿಕಾರಿ ತಲೆ ಎತ್ತದೆ, “ನೂರಾ ಹದಿನಾಲ್ಕು. ಮೂರು ನಲವತ್ತೊಂದು. ಸಹಿ ಮಾಡು,” ಎಂದ.

“ಎಷ್ಟು, ಸಾರ್?”

ಅಧಿಕಾರಿ ಬೇಸರದಿಂದ ಪುಸ್ತಕವನ್ನೇ ಅವನ ಕಡೆಗೆ ತಿರುಗಿಸಿದ. ಮಹಂತೇಶ ಅಂಕಿಗಳ ಮೇಲೆ ಬೆರಳಿಟ್ಟು ಓದಿಕೊಂಡ, ಆಮೇಲೆ ಸಹಿ ಮಾಡಿದ. ಹೆಸರಿನ ಬಾಲ ಪಕ್ಕದವನ ಚೌಕದೊಳಗೆ ಹೋಯಿತು.

ಗೇಟಿನ ಹೊರಗೆ ವರುಣ್ ತಂತಿಬೇಲಿಗೆ ಮುಖ ಒತ್ತಿ ನಿಂತಿದ್ದ. ಹಣೆಯ ಮೇಲೆ ತಂತಿಯ ಗುರುತು ಬಿದ್ದಿತ್ತು. ಕೈಯಲ್ಲಿ ಗಡಿಯಾರ.

“ನಲವತ್ತೊಂದು,” ಎಂದ ಮಹಂತೇಶ.

“ನನ್ನ ಗಡಿಯಾರದಲ್ಲಿ ನಲವತ್ಮೂರು.”

“ಅಲ್ಲಿ ಬರದಾರ. ಸಹಿನೂ ಆತು.”

“ಬರೆದಿರಲಿ. ನಾನು ಸೀಟಿಗೆ ಸರಿಯಾಗಿ ಒತ್ತಿದ್ದೆ. ಎರಡು ಸೆಕೆಂಡು ಎಲ್ಲಿಂದ ಬಂತು?”

“ನಲವತ್ಮೂರಾದ್ರೂ ಪಾಸ್ ಅಲ್ಲೇನೋ?”

“ಪಾಸು ಪಾಸೇ. ಅದಕ್ಕೆ ಯಾರು ಇಲ್ಲ ಅಂದ್ರು,” ಎಂದು ವರುಣ್ ಅವನ ಭುಜದ ಮೇಲೆ ಸ್ವೆಟರ್ ಹೊದಿಸಿದ. “ಆದ್ರೆ ಲೆಕ್ಕ ಸರಿಯಾಗಿರಬೇಕು ನೋಡು.”

ಬಸ್‌ಸ್ಟಾಪಿನ ಪಕ್ಕ ಗಾಡಿಯವನು ಆಲೂ ಪರಾಠ ಬೇಯಿಸುತ್ತಿದ್ದ. ಎರಡು ಸೆಕೆಂಡಿನ ಜಗಳ ಬಿಡದೆ ಇಬ್ಬರೂ ಬೆಂಚಿನ ಮೇಲೆ ಕೂತರು. “ಭಯ್ಯಾ, ನಾಲ್ಕು ಪರಾಠ,” ಎಂದ ವರುಣ್.

“ಅವನಿಗೆ ನಾಲ್ಕು,” ಎಂದ ಮಹಂತೇಶ. “ನನಗೆ ಬೇರೆ ಹಾಕು.”